ಸೋದರತ್ತೆ ಇಲ್ಲದ ಹಣ್ಣು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ತಾತನ ತಾತನಿಗೂ ಹಾಲುಹಲ್ಲು ಬರೋಕೆ ಮುಂಚೆ, ಒಂದು ಊರಿತ್ತಂತೆ. ಊರಿಗೆ ಏನೋ ದೊಡ್ಡ ಹೆಸರು ಇತ್ತಂತೆ, ಆದ್ರೆ ಸುತ್ತಮುತ್ತಲಿನೋರು ಯಾರೂ ಆ ಹೆಸರು ಹಿಡಿದು ಕರೀತಿರಲಿಲ್ಲ, ತೊಟ್ಟಿಲೂರು ಅಂತಿದ್ರಂತೆ. ಯಾಕೆ ಅಂತ ಕೇಳು. ಕೇಳಲ್ವಾ? ಸರಿ, ನಾನೇ ಹೇಳ್ತೀನಿ, ನೀನು ಹೂಂ ಅಂತಾ ಇರು ಸಾಕು, ನಿನ್ನ ಹೂಂ ನಿಲ್ತು ಅಂದ್ರೆ ನಾನೂ ನಿಲ್ಲಿಸಿಬಿಡ್ತೀನಿ.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಹೊಸದಾಗಿ ಯಾವ ಹಣ್ಣು ಬಿಡಲಿ, ಯಾವ ಕಾಯಿ ಬಿಡಲಿ, ಮೊದಲು ಅದನ್ನ ತೊಟ್ಟಿಲಿಗೆ ಹಾಕಬೇಕು. ನಿಜವಾದ ತೊಟ್ಟಿಲು ಕಣೇ, ಕೂಸು ಮಲಗಿಸ್ತಾರಲ್ಲ, ಅದೇ. ಪಟೇಲನ ಮನೆಯಿಂದ ತೊಟ್ಟಿಲು ತರಿಸಿ, ಹಣ್ಣಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಸುತ್ತಿ ಮಲಗಿಸಿ, ಸೋದರತ್ತೆ ಅನ್ನಿಸಿಕೊಂಡೋಳು ಬಗ್ಗಿ ಅದರ ಕಿವೀಲಿ ಹೆಸರು ಹೇಳಬೇಕು. ಹಣ್ಣಿಗೆ ಕಿವಿ ಎಲ್ಲಿದೆ ಅಂತ ನನ್ನ ಕೇಳಬೇಡ, ತೊಟ್ಟಿನ ಹತ್ರ ಹೇಳ್ತಿದ್ರಂತೆ. ಹೆಸರು ಆದ ಮೇಲೇನೇ ಅದಕ್ಕೆ ಈಳಿಗೆ ತಾಗಿಸಬಹುದು, ಒಲೆ ಮೇಲೆ ಇಡಬಹುದು. ಅಲ್ಲೀವರೆಗೂ ಅದು ಹಣ್ಣೇ ಅಲ್ಲ, ವಿಷ. ಸೋದರತ್ತೆ ಯಾರು ಅಂದ್ರೆ, ಬೀಜ ಹಾಕಿದ ಗಂಡಸು ಹಣ್ಣಿಗೆ ತಂದೆ, ಅವನ ಅಕ್ಕನೋ ತಂಗಿಯೋ ಸೋದರತ್ತೆ. ಅವಳು ಇಟ್ಟಿದ್ದೇ ಹೆಸರು.

ಒಂದ್ಸಲ ಏನಾಯ್ತು ಅಂದ್ರೆ, ಯಾವುದೋ ಕಾಗೆ ಎಲ್ಲೋ ಪರಂಗಿ ಹಣ್ಣು ತಿಂದು ಬಂದು ಊರ ಬಾವಿ ಹತ್ರ ಹಿಕ್ಕೆ ಹಾಕ್ತಂತೆ. ಗಿಡ ಹುಟ್ಟಿ, ಆಳೆತ್ತರ ಬೆಳೆದು, ಕತ್ತಿನ ಸುತ್ತ ಗೊಂಚಲು ಗೊಂಚಲು ಕಾಯಿ ಬಿಡ್ತಂತೆ. ತೊಟ್ಟಿಲಿಗೆ ಹಾಕೋಣ ಅಂದ್ರು. ತಂದೆ ಯಾರು? ಕಾಗೆ. ಹಾಗಾದ್ರೆ ಸೋದರತ್ತೆ ಯಾರು? ಆ ಕಾಗೆಯ ತಂಗಿ. ಆಮೇಲೆ ಊರ ಗಂಡಸರೆಲ್ಲ ಅನ್ನದ ಉಂಡೆ ಹಿಡ್ಕೊಂಡು ಎರಡು ದಿನ ಕಾಗೆಗಳ ಹಿಂದೆ ಓಡಾಡಿದ್ರಂತೆ, ಯಾವುದು ಅಣ್ಣ ಯಾವುದು ತಂಗಿ ಅಂತ ಗೊತ್ತಾಗಲೇ ಇಲ್ಲ, ಮೂರನೇ ದಿನ ಬೇಸತ್ತು ಆ ಗಿಡಾನೇ ಕಡಿದು ಹಾಕಿದ್ರಂತೆ. ನೀನು ನಗ್ತೀಯ. ಅಷ್ಟು ಹಣ್ಣು ಬಾವಿಕಟ್ಟೆ ಮೇಲೆ ಬಿದ್ದು ಕೊಳೆತು ಹೋಯ್ತಲ್ಲ, ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅಂಥ ಊರಿಗೆ ಸಾಕವ್ವ ಸೊಸೆಯಾಗಿ ಬಂದ್ಲಂತೆ, ಮುದ್ದವ್ವ ಅನ್ನೋಳ ಮನೆಗೆ. ಮುದ್ದವ್ವನಿಗೆ ಗಂಡ ಇರಲಿಲ್ಲ, ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು. ದೊಡ್ಡ ಸೊಸೆ ಪುಟ್ಟತಾಯಿ ಬಯಲುಸೀಮೆಯೋಳು, ನಡುವಿನ ಸೊಸೆ ಚೆಲುವಿ ಘಟ್ಟದ ಕೆಳಗಿನೋಳು, ಕಡೇ ಸೊಸೆ ನಮ್ಮ ಸಾಕವ್ವ. ತವರಲ್ಲಿ ಮೂರು ಹೆಣ್ಣಾದ ಮೇಲೆ ನಾಲ್ಕನೇದೂ ಹೆಣ್ಣೇ ಆಯ್ತಲ್ಲ ಅಂತ ಬೇಜಾರು ಮಾಡ್ಕೊಂಡು ಆ ಹೆಸರಿಟ್ಟಿದ್ರಂತೆ. ಅವಳಿಗೆ ಆ ಬೇಜಾರು ಒಂಚೂರೂ ಅಂಟಿರಲಿಲ್ಲ, ಗಟ್ಟಿಗಿತ್ತಿ, ಎದುರಿಗೆ ಯಾರಿದ್ರೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋಳು.

ಮದುವೆ ಆಗಿ ಗಾಡಿ ಹತ್ತುವಾಗ ಅವಳ ಅವ್ವ ಮಡಿಲಿಗೆ ಒಂದು ಹಣ್ಣು ಹಾಕಿದ್ಲಂತೆ. ಹಳದಿ ಬಣ್ಣ, ಎಣ್ಣೆ ಸವರಿದ ಹಾಗೆ ಹೊಳಪು, ಉದ್ದಕ್ಕೆ ಐದು ಏಣು, ಅಡ್ಡಕ್ಕೆ ಕೊಯ್ದರೆ ಬಿಲ್ಲೆಗೊಂದು ಚುಕ್ಕಿ. ಸಾಕವ್ವ ಅಳ್ತಾ ಅಳ್ತಾ ತಿಂದ್ಲಂತೆ, ತಿಂತಾ ತಿಂತಾ ಅಳು ನಿಂತುಹೋಯ್ತಂತೆ. ಬೀಜಾನ ಸೆರಗಿನ ತುದೀಲಿ ಗಂಟು ಹಾಕ್ಕೊಂಡು ಬಂದು, ಗಂಡನ ಮನೆ ಹಿತ್ತಲಲ್ಲಿ ಬಚ್ಚಲ ನೀರು ಹರಿಯೋ ಕಡೆ ತಾನೇ ಗುದ್ದಲಿ ಹಿಡಿದು ಅಗೆದು ನೆಟ್ಲಂತೆ. ಮೂರು ಮೊಳಕೇಲಿ ಎರಡು ಆಡು ತಿಂದ್ವು, ಒಂದು ಉಳೀತು. ಅದಕ್ಕೆ ಕಳ್ಳಿ ಬೇಲಿ ಕಟ್ಟಿ, ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲಾ ಅದಕ್ಕೇ ಹುಯ್ದು ಸಾಕಿದ್ಲಂತೆ. ಆ ಊರಲ್ಲಿ ಅವಳಿಗೆ ಅಂತ ಇದ್ದಿದ್ದು ಅದೊಂದೇ. ತವರಿನ ಮೇಲೆ ಮನಸ್ಸು ಹೋದಾಗ ಹೋಗಿ ಅದರ ಬುಡದಲ್ಲಿ ಕೂತ್ಕೊಳ್ಳೋಳು. ಯಾರೂ ಏನೂ ಕೇಳಲಿಲ್ಲ, ಬಚ್ಚಲ ಹಿಂದಿನ ಗಿಡಾನ ಯಾರು ನೋಡ್ತಾರೆ.

ನಾಲ್ಕು ಮಳೆಗಾಲ ಆಯ್ತು, ಐದನೇದಕ್ಕೆ ಮರ ಹೂ ಬಿಡ್ತು, ಆಮೇಲೆ ಕಾಯಿ ಬಿಡ್ತು. ಒಂದಲ್ಲ ಎರಡಲ್ಲ, ಎಲೆಗಿಂತ ಕಾಯೇ ಹೆಚ್ಚು. ಸಾಕವ್ವ ಕುಣಿಯೋದೊಂದು ಬಾಕಿ. ಹತ್ತು ಕಾಯಿ ಸೆರಗಲ್ಲಿ ಕಿತ್ಕೊಂಡು ಅಡುಗೆಮನೆಗೆ ಬಂದು ಈಳಿಗೆಮಣೆ ಮುಂದೆ ಕೂತ್ಲಂತೆ. ಇನ್ನೇನು ಕೊಯ್ಯಬೇಕು, ಅತ್ತೆ ಮುದ್ದವ್ವ ಓಡಿ ಬಂದು ಕೈ ಹಿಡ್ಕೊಂಡ್ಲಂತೆ. ತೊಟ್ಟಿಲಿಗೆ ಹಾಕದೇ ಇರೋ ಹಣ್ಣು ಕಣೇ ಇದು, ಮನೇಲಿ ಕೊಯ್ಯಬೇಡ, ಊರೋರು ನಮ್ಮನ್ನ ಹೊರಗೆ ಹಾಕ್ತಾರೆ ಅಂದ್ಲಂತೆ. ಹಾಗಾದ್ರೆ ಹಾಕೋಣ ಬಿಡಿ ಅತ್ತೆ ಅಂತ ಸಾಕವ್ವ ಎದ್ಲು.

ಆಮೇಲೆ ಊರೆಲ್ಲ ಅರಳಿಕಟ್ಟೇಲಿ ಸೇರಿತಂತೆ. ಪಟೇಲ ಸಿಂಗ್ರಪ್ಪ ಮಧ್ಯೆ ಕೂತ. ಅವನು ಕೆಟ್ಟೋನೇನಲ್ಲ, ಆದ್ರೆ ಪದ್ಧತಿ ಅಂದ್ರೆ ಪ್ರಾಣ ಬಿಡೋ ಆಸಾಮಿ, ಮೀಸೆ ತಿರುವಿಕೊಂಡು ಕೇಳಿದ್ನಂತೆ, ನೆಟ್ಟೋರು ಯಾರಮ್ಮಾ ಅಂತ. ನಾನು ಅಂದ್ಲು ಸಾಕವ್ವ. ನೀನು ಅಂದ್ರೆ, ನಿನ್ನ ಪರವಾಗಿ ಯಾರು? ನನ್ನ ಪರವಾಗಿ ನಾನೇ ಅಂದ್ಲು. ಕಟ್ಟೆ ಮೇಲೆ ಕೂತಿದ್ದ ಮುದುಕರೆಲ್ಲ ಮುಖ ಮುಖ ನೋಡ್ಕೊಂಡ್ರಂತೆ. ಹೆಂಗಸು ನೆಟ್ಟ ಗಿಡಕ್ಕೆ ತಂದೆ ಇಲ್ಲ, ತಂದೆ ಇಲ್ಲ ಅಂದ್ಮೇಲೆ ಸೋದರತ್ತೆ ಇಲ್ಲ, ಸೋದರತ್ತೆ ಇಲ್ಲ ಅಂದ್ಮೇಲೆ ಹೆಸರಿಲ್ಲ, ಹೆಸರಿಲ್ಲದ ಹಣ್ಣು ಊರಲ್ಲಿ ಇರೋ ಹಾಗಿಲ್ಲ ಅಂತ ಪಟೇಲ ತೀರ್ಮಾನ ಮಾಡಿದ. ಮೂರು ದಿನ ಗಡುವು ಕೊಡ್ತೀನಿ, ತಂದೆ ಅನ್ನೋನು ಯಾರಾದ್ರೂ ಇದ್ರೆ ಬಂದು ಹೇಳಲಿ, ಇಲ್ಲಾಂದ್ರೆ ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಆಳು ತಿಮ್ಮಯ್ಯ ಕೊಡಲಿ ತಗೊಂಡು ಬರ್ತಾನೆ ಅಂದ. ಸಾಕವ್ವ ಸರಿ ಅಂತ ಹೇಳಿ ಮನೆಗೆ ಬಂದ್ಲು.

ಕೇಳಿಸ್ಕೋತಾ ಇದ್ದೀಯ ತಾನೆ?

ಮೊದಲನೇ ದಿನ ಅವಳ ಗಂಡ ದ್ಯಾವಣ್ಣ ಹತ್ರ ಬಂದು ಕೂತ್ನಂತೆ. ಪಾಪ, ಒಳ್ಳೇ ಮನುಷ್ಯ, ಜಗಳ ಅಂದ್ರೆ ಮಾರು ದೂರ. ನೀನು ಯಾಕೆ ಪಟ್ಟು ಹಿಡೀತೀಯ, ಗಿಡ ನಾನೇ ನೆಟ್ಟಿದ್ದು ಅಂತ ಹೇಳಿಬಿಡ್ತೀನಿ, ಬೇರೆ ಊರಿಗೆ ಕೊಟ್ಟಿರೋ ನನ್ನ ಅಕ್ಕ ಬಂದು ಹೆಸರಿಡ್ತಾಳೆ, ಮರಾನೂ ಉಳಿಯುತ್ತೆ ಅಂದ. ಸಾಕವ್ವ ಅವನ ಮುಖ ನೋಡಿದ್ಲು. ಈ ಐದು ವರ್ಷದಲ್ಲಿ ನೀವು ಒಂದು ದಿನ ಒಂದು ಚೊಂಬು ನೀರು ಹಾಕಿದ್ದೀರಾ ಅಂತ ಕೇಳಿದ್ಲು. ಅವನು ತಲೆ ಕೆರ್ಕೊಂಡ. ಹಾಕಿಲ್ಲ ಅಲ್ವಾ, ಹಾಕದೇ ಇದ್ದಿದ್ದಕ್ಕೆ ನನಗೇನೂ ಸಿಟ್ಟಿಲ್ಲ, ಹಾಕಿದೆ ಅಂತ ಹೇಳಿದ್ರೆ ಮಾತ್ರ ನಾನು ಸುಮ್ಮನಿರಲ್ಲ ಅಂದ್ಲಂತೆ.

ಹೇಳಿಬಿಟ್ಟು ಸುಮ್ಮನೆ ಕೂತ್ಲಾ? ಇಲ್ಲ. ಮನೆ ಒಲೆ ತಾನೇ ಬೇಡ ಅಂದಿದ್ದು, ಮರದ ಕೆಳಗೆ ಮೂರು ಕಲ್ಲು ಹೂಡಿ ಬೆಂಕಿ ಹಾಕಿದ್ಲಂತೆ, ಇಡೀ ಊರಿಗೆ ಹೊಗೆ ಕಾಣಲಿ ಅಂತ. ಹಸಿರು ಕಾಯಿ ತಗೊಂಡು, ಏಣಿನ ಅಂಚೆಲ್ಲ ಸವರಿ ತೆಗೆದ್ಲು, ಒಗರು ಅಲ್ಲೇ ಇರೋದು. ಆಮೇಲೆ ಬೀಜ ತೆಗೆದು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಉಪ್ಪು ಅರಿಶಿನ ಹಾಕಿ ಬೇಯಿಸಿದ್ಲು. ಒಣಮೆಣಸಿನಕಾಯಿ, ಚಿಟಿಕೆ ಮೆಂತ್ಯ, ಒಂದು ಹಿಡಿ ಎಳ್ಳು ಹುರಿದು, ಕಾಯಿತುರಿ ಸೇರಿಸಿ ಒರಳಲ್ಲಿ ರುಬ್ಬಿ ಹಾಕಿ, ಬೆಲ್ಲ ಹಾಕಿ ಗೊಜ್ಜು ಕುದಿಸಿದ್ಲು. ಹುಣಸೆಹಣ್ಣು ಒಂದು ಎಸಳೂ ಹಾಕಲಿಲ್ಲ, ಹುಳಿ ಎಲ್ಲಾ ಆ ಕಾಯಿದೇ. ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ ಬಿತ್ತು ನೋಡು, ಬೀದೀಲಿ ಹೋಗೋರು ಕಾಲು ನಿಲ್ಲಿಸಿದ್ರಂತೆ. ಸಾಕವ್ವ ಒಂದು ಮುದ್ದೆಗೆ ಎರಡು ಮುದ್ದೆ ನುಂಗಿದ್ಲು.

ಊರ ಮುದುಕರೆಲ್ಲ, ಮುಗೀತು ಇವಳ ಕತೆ, ಬೆಳಿಗ್ಗೆ ಹೊತ್ತಿಗೆ ಇರಲ್ಲ ಅಂದ್ಕೊಂಡ್ರಂತೆ. ಬೆಳಗಾಗೋದೇ ತಡ ಇಬ್ಬರು ಬಂದು ಬೇಲಿ ಹತ್ರ ಇಣುಕಿ ನೋಡಿದ್ರು, ಸಾಕವ್ವ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಾ ಇದ್ಲು. ಏನು ಬೇಕಿತ್ತು ಅಂತ ಕೇಳಿದ್ಲಂತೆ. ಏನಿಲ್ಲಮ್ಮ, ಕರು ಹುಡುಕ್ತಾ ಬಂದ್ವಿ ಅಂತ ಹೇಳಿ ಹೋದ್ರು. ಅವತ್ತೇ ದೊಡ್ಡ ಓರಗಿತ್ತಿ ಪುಟ್ಟತಾಯಿ ಒಂದು ಬಟ್ಟಲು ಸೆರಗಲ್ಲಿ ಮುಚ್ಕೊಂಡು ಬಂದ್ಲಂತೆ, ಉಪ್ಪು ಇದ್ರೆ ಕೊಡು ಅಂತ. ಅವರಿಬ್ಬರದೂ ಒಂದೇ ಮನೆ, ಒಂದೇ ಉಪ್ಪಿನ ಮಡಕೆ, ಇದ್ಯಾವ ಉಪ್ಪು ಕೇಳೋಕೆ ಬಂದ್ಲು ಅಂತ ಸಾಕವ್ವನಿಗೆ ಗೊತ್ತಾಗಲ್ವಾ. ಉಳಿದಿದ್ದ ಗೊಜ್ಜು ಬಟ್ಟಲಿಗೆ ಹಾಕಿದ್ಲು. ಪುಟ್ಟತಾಯಿ ಅಲ್ಲೇ ಬೆರಳಲ್ಲಿ ನೆಕ್ಕಿ, ಕಣ್ಣು ಮುಚ್ಚಿ, ನಮ್ಮೂರಲ್ಲಿ ಇದಕ್ಕೆ ಕಮರಾಕ್ಷಿ ಅಂತಾರೆ ಕಣೇ, ಸಂತೇಲಿ ಉಪ್ಪು ಖಾರ ಹಚ್ಚಿ ಕೊಡೋರು ಅಂದ್ಲಂತೆ. ಮತ್ತೆ ಇಷ್ಟು ದಿನ ಯಾಕಕ್ಕಾ ಹೇಳಲಿಲ್ಲ ಅಂದ್ರೆ, ಹೇಳಿದ್ರೆ ಯಾರು ಕೇಳ್ತಿದ್ರು ಅಂದ್ಲು.

ಅದೇ ಎರಡನೇ ದಿನ ಸಾಕವ್ವನ ಅಣ್ಣ ಮರಿಯಣ್ಣ ಬಂದ. ಯಾರೋ ಸುದ್ದಿ ಮುಟ್ಟಿಸಿದ್ರಂತೆ, ಎರಡು ಹರದಾರಿ ನಡ್ಕೊಂಡು ಬಂದಿದ್ದ. ನೋಡು ಸಾಕೀ, ಮದುವೆ ಗಾಡಿ ಹಿಂದೆ ನಾನೂ ಬಂದಿದ್ದೆನಲ್ಲ, ಆವತ್ತು ಬೀಜ ನಾನೇ ಹಾಕಿದೆ ಅಂತ ಹೇಳ್ತೀನಿ. ನಾನು ತಂದೆ ಆದ್ರೆ ನೀನೇ ಸೋದರತ್ತೆ, ನಿನಗೆ ಬೇಕಾದ ಹೆಸರು ನೀನೇ ಇಟ್ಕೋ, ಯಾರಪ್ಪನ ಹಂಗೂ ಇಲ್ಲ ಅಂದ.

ಎಷ್ಟು ಸುಲಭ ನೋಡು, ಒಂದು ಹೂಂ ಅಂದ್ರೆ ಮರ ಉಳಿಯುತ್ತೆ, ಹೆಸರೂ ಅವಳ ಬಾಯಿಂದಾನೇ ಬರುತ್ತೆ. ಆದ್ರೆ ಅವಳ ಮನಸ್ಸು ಒಪ್ಪಲಿಲ್ಲ. ಅಣ್ಣಾ, ನನಗೆ ನೀನಿದ್ದೀಯ, ಬಂದೆ. ನಾಳೆ ಅಣ್ಣ ಇಲ್ಲದೋಳು ಒಬ್ಳು ಒಂದು ಗಿಡ ನೆಟ್ರೆ ಅವಳು ಯಾರ ಹತ್ರ ಹೋಗಿ ನಿಲ್ಲಬೇಕು? ನಾನು ನೆಟ್ಟಿದ್ದು ನಾನು ನೆಟ್ಟಿದ್ದೇ. ನೀನು ಊಟ ಮಾಡ್ಕೊಂಡು ಹೋಗು ಅಂದ್ಲಂತೆ. ಅವನಿಗೆ ಸಿಟ್ಟು ಬಂತು, ನೀನು ಚಿಕ್ಕವಳಿದ್ದಾಗಿಂದ್ಲೂ ಹಿಂಗೇ, ಹಿಡಿದಿದ್ದೇ ಹಟ ಅಂದ. ಊಟ ಮಾತ್ರ ಗಡದ್ದಾಗಿ ಮಾಡಿದ.

ಯಾಕಂದ್ರೆ ಅವತ್ತಿನ ಅಡುಗೆ ಅಂಥಾದ್ದು. ನಡುವಿನ ಓರಗಿತ್ತಿ ಚೆಲುವಿ ಇದ್ಲಲ್ಲ, ಘಟ್ಟದ ಕೆಳಗಿನೋಳು, ಅವಳು ಬೆಳಿಗ್ಗೇನೇ ಕೆರೆ ಮೀನು ಒಂದು ಕುಕ್ಕೆ ತಂದು ಮೂರು ಕಲ್ಲಿನ ಒಲೆ ಮುಂದೆ ಇಟ್ಲಂತೆ. ಇದು ನಮ್ಮ ಕಡೆ ದಾರೆಹುಳಿ, ಮೀನಿಗೆ ಇದನ್ನ ಹಾಕಿ ಮಾಡಿದ ಸಾರು ತಿಂದ್ರೆ ಮತ್ತೆ ಹುಣಸೆಹಣ್ಣಿನ ಸಾರು ಮುಟ್ಟಲ್ಲ ನೀನು ಅಂತ ಹೇಳಿ ತಾನೇ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಕೂತ್ಲು. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನಕಾಯಿ ನುಣ್ಣಗೆ ರುಬ್ಬಿ, ಕಾಯಿ ಹೋಳು ಹಾಕಿ ಒಂದು ಕುದಿ ಬರಿಸಿ, ಕೊನೇಲಿ ಮೀನು ಬಿಟ್ಲು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬರೋಕೆ ಶುರುವಾಯ್ತು. ಕೆಂಡ ಇದ್ರೆ ಕೊಡು ಅಂತ ಒಬ್ಳು, ಮಜ್ಜಿಗೆಗೆ ಹೆಪ್ಪು ಕೊಡು ಅಂತ ಇನ್ನೊಬ್ಳು, ಏನೂ ನೆಪ ಹೊಳೀದೆ ಬರೀ ತಟ್ಟೆ ಹಿಡ್ಕೊಂಡು ಬಂದೋಳು ಮತ್ತೊಬ್ಳು. ಕೆಂಡಕ್ಕೆ ಅಂತ ತಂದ ಮಡಕೆ ಚೂರಿನ ತುಂಬ ಮೀನು ಸಾರು ಹೋಯ್ತಂತೆ.

ಅತ್ತೆ ಮುದ್ದವ್ವ ಮಾತ್ರ ಹಿತ್ತಲ ಬಾಗಿಲಿಗೆ ಬಂದು ನಿಲ್ತಿದ್ಲು, ನೋಡ್ತಿದ್ಲು, ಒಳಗೆ ಹೋಗ್ತಿದ್ಲು. ಒಂದು ತುತ್ತು ಬಾಯಿಗೆ ಇಡಲಿಲ್ಲ.

ಮೂರನೇ ದಿನ ಯಾರು ಬಂದ್ರು ಗೊತ್ತಾ? ಪಟೇಲ ಸಿಂಗ್ರಪ್ಪನೇ ಬಂದ. ಅವನ ಮೂಗಿಗೂ ಒಗ್ಗರಣೆ ವಾಸನೆ ಹೋಗಿತ್ತಲ್ಲ. ನೋಡಮ್ಮಾ, ನನಗೇನೂ ಮರ ಕಡಿಸಬೇಕು ಅಂತ ಆಸೆ ಇಲ್ಲ, ನಾನೇ ಬೀಜ ಹಾಕಿಸಿದೆ ಅಂತ ಕಟ್ಟೇಲಿ ಹೇಳ್ತೀನಿ, ನನ್ನ ತಂಗಿ ಬಂದು ಸಿಂಗಾರಫಲ ಅಂತ ಹೆಸರಿಡ್ತಾಳೆ. ಮರ ಇಲ್ಲೇ ಇರಲಿ, ಹಣ್ಣು ನೀನೇ ತಿನ್ನು, ಹೆಸರೊಂದು ಪಟೇಲರ ಮನೇದು. ನೀನು ಏನೂ ಹೇಳಬೇಕಾಗಿಲ್ಲ, ಸುಮ್ಮನೆ ಇದ್ರೆ ಆಯ್ತು ಅಂದ್ನಂತೆ.

ಮುದ್ದವ್ವ ಓಡಿ ಬಂದು ಸೊಸೆ ಕೈ ಹಿಡ್ಕೊಂಡ್ಲು. ಒಪ್ಕೊಳ್ಳೇ ತಾಯಿ, ಹೆಸರಲ್ಲಿ ಏನಿದೆ, ಮರ ಉಳಿಯುತ್ತಲ್ಲ ಅಂದ್ಲು. ಸಾಕವ್ವ ಮರ ನೋಡಿದ್ಲಂತೆ. ಕೊಂಬೆ ತುಂಬ ಕಾಯಿ, ಕೆಲವು ಹಣ್ಣಾಗಿ ಹಳದಿ ತಿರುಗಿದ್ವು. ಆದ್ರೂ ಅಂದ್ಲು, ಪಟೇಲ್ರೇ, ಇದನ್ನ ನನ್ನ ಅವ್ವ ದಾರೆಹುಳಿ ಅಂತಾಳೆ, ಅಪ್ಪನ ಮನೆಯೋರು ಕಮರಾಕ್ಷಿ ಅಂತಾರೆ, ನಾನು ಚಿಕ್ಕೋಳಿದ್ದಾಗ ಚುಕ್ಕಿ ಹಣ್ಣು ಅಂತಿದ್ದೆ. ಇಷ್ಟು ಹೆಸರಿರೋದಕ್ಕೆ ಹೆಸರಿಲ್ಲ ಅಂತ ಹೇಳ್ತಿದ್ದೀರ, ಸಂಬಂಧ ಇಲ್ಲದ ಹೆಸರು ತಂದು ಅಂಟಿಸ್ತಿದ್ದೀರ. ಸಾಕಿದೋಳು ನಾನು, ಸುಮ್ಮನೆ ಮಾತ್ರ ಇರಲ್ಲ, ಕಡಿಯೋದಾದ್ರೆ ಕಡೀರಿ. ಪಟೇಲನ ಮುಖ ಕೆಂಪಗಾಯ್ತು, ನಾಳೆ ಬೆಳಿಗ್ಗೆ ಅಂತ ಹೇಳಿ ಎದ್ದುಹೋದ.

ಅವನು ಹೋದ ಮೇಲೆ ಸಾಕವ್ವ ಅತ್ತಳಂತೆ, ಹೌದು, ಅತ್ತಳು, ಗಟ್ಟಿಗಿತ್ತಿ ಅಂದ್ರೆ ಅಳಬಾರದು ಅಂತೇನಿಲ್ಲ. ಅಳ್ತಾನೇ ಹಣ್ಣಾಗಿದ್ದನ್ನೆಲ್ಲ ಕಿತ್ತು, ಕೊಯ್ದು, ತೆಂಗಿನಹಾಲು ಹಿಂಡಿ, ಬೆಲ್ಲ ಕರಗಿಸಿ ಹಾಕಿ, ಏಲಕ್ಕಿ ಪುಡಿ ಉದುರಿಸಿ ಒಂದು ದೊಡ್ಡ ಪಾತ್ರೆ ತುಂಬ ರಸಾಯನ ಮಾಡಿದ್ಲು. ಇದೇ ಕೊನೇದು, ಯಾರು ಬೇಕಾದ್ರೂ ತಿನ್ನಿ ಅಂತ ಬೀದಿ ಬಾಗಿಲಲ್ಲಿ ಇಟ್ಲು. ಸಂಜೆ ಒಳಗೆ ಪಾತ್ರೆ ತಳ ಕಾಣ್ತಂತೆ.

ಹೂಂ ಅನ್ನು. ಇನ್ನು ಸ್ವಲ್ಪಾನೇ ಇರೋದು.

ನಾಲ್ಕನೇ ದಿನ ಬೆಳಿಗ್ಗೆ ಪಟೇಲ ಬಂದ, ಹಿಂದೆ ಕೊಡಲಿ ಹೊತ್ಕೊಂಡು ತಿಮ್ಮಯ್ಯ ಬಂದ, ಅವರ ಹಿಂದೆ ಊರ ಗಂಡಸರು. ಬಂದು ನೋಡ್ತಾರೆ, ಸಾಕವ್ವ ಮರದ ಬುಡದಲ್ಲಿ ಈಳಿಗೆಮಣೆ ಹಾಕ್ಕೊಂಡು ಕೂತಿದ್ದಾಳೆ, ಪಕ್ಕದಲ್ಲಿ ಹಸಿರು ಕಾಯಿ ರಾಶಿ, ಉಪ್ಪಿನಕಾಯಿಗೆ ಹೋಳು ಮಾಡ್ತಿದ್ದಾಳೆ. ಏಳಮ್ಮಾ ಅಂದ ಪಟೇಲ. ಇದು ಮುಗೀಲಿ ಏಳ್ತೀನಿ ಅಂದ್ಲು. ಆ ಕಾಲದಲ್ಲಿ ಈಳಿಗೆ ಮುಂದೆ ಕೂತ ಹೆಂಗಸನ್ನ ಅರ್ಧಕ್ಕೆ ಎಬ್ಬಿಸ್ತಿರಲಿಲ್ಲ, ಮನೇಲಿ ಅನ್ನಕ್ಕೆ ಕೇಡು ಅಂತ ಎಲ್ಲರಿಗೂ ಹೆದರಿಕೆ. ತಿಮ್ಮಯ್ಯ ಕೊಡಲಿ ಇಳಿಸಿ ನಿಂತ. ಅಷ್ಟರಲ್ಲಿ ಪುಟ್ಟತಾಯಿ ತನ್ನ ಈಳಿಗೆ ತಗೊಂಡು ಬಂದು ಸಾಕವ್ವನ ಪಕ್ಕ ಕೂತ್ಲು. ಆಮೇಲೆ ಚೆಲುವಿ ಬಂದ್ಲು. ಆಮೇಲೆ ಕೆಂಡ ಕೇಳಿದೋಳು, ಹೆಪ್ಪು ಕೇಳಿದೋಳು, ಬರೀ ತಟ್ಟೆ ಹಿಡ್ಕೊಂಡು ಬಂದೋಳು, ಎಲ್ಲರೂ ಅವರವರ ಈಳಿಗೆಮಣೆ ಕಂಕುಳಲ್ಲಿ ಇಟ್ಕೊಂಡು ಬಂದ್ರು. ಮರದ ಸುತ್ತ ಹತ್ತೊಂಬತ್ತು ಈಳಿಗೆ, ಹತ್ತೊಂಬತ್ತು ಹೆಂಗಸರು. ಕಚಕ್ ಕಚಕ್ ಅಂತ ಕೊಯ್ಯೋ ಸದ್ದೊಂದೇ. ತಿಮ್ಮಯ್ಯನಿಗೆ ಕಾಲಿಡೋಕೆ ಒಂದೇ ಒಂದು ಸಂದು ಉಳೀತಂತೆ.

ಪಟೇಲನಿಗೆ ತಲೆ ಕೆಟ್ಟುಹೋಯ್ತು. ಇದಕ್ಕೆ ಹೆಸರು ಏನು ಅಂತನಾದ್ರೂ ನೆಟ್ಟಗೆ ಹೇಳಿ ಅಂತ ಕೂಗಿದ. ಒಬ್ಳು ಕಮರಾಕ್ಷಿ ಅಂದ್ಲು, ಒಬ್ಳು ದಾರೆಹುಳಿ ಅಂದ್ಲು, ಇನ್ನೊಬ್ಳು ಕರಬಲ ಅಂದ್ಲು, ಒಟ್ಟಿಗೇ ಗಲಾಟೆ. ಆಗ ಪಟೇಲ ಒಂದು ಉಪಾಯ ಮಾಡಿದ. ಕೈ ಎತ್ತಿ ಇಡೀ ಊರಿನ ಮುಂದೆ ಹೇಳಿದ್ನಂತೆ, ಇಲ್ಲಿ ಕೂತಿರೋ ಪ್ರತಿಯೊಬ್ಬಳೂ ಒಬ್ಬೊಬ್ಬಳಾಗಿ ಹೆಸರು ಹೇಳಲಿ. ಎಲ್ಲರದೂ ಒಂದೇ ಹೆಸರಾದ್ರೆ ನಾನೇ ತೊಟ್ಟಿಲು ತಂದು ತೂಗ್ತೀನಿ. ಬೇರೆ ಬೇರೆ ಆದ್ರೆ, ಕಡೆಯೋಳು ಹೇಳಿ ಮುಗಿಸಿದ ತಕ್ಷಣ ಕೊಡಲಿ ಬೀಳುತ್ತೆ, ಅಲ್ಲೀವರೆಗೂ ಎತ್ತಲ್ಲ, ಇದು ಪಟೇಲನ ಮಾತು.

ಚೆಲುವಿ ಮೆಲ್ಲಗೆ ಸಾಕವ್ವನ ಕಡೆ ಬಗ್ಗಿ, ಎಲ್ಲರೂ ಚುಕ್ಕಿ ಹಣ್ಣು ಅಂತಾನೇ ಹೇಳಿಬಿಡ್ತೀವಿ, ಮರ ಉಳೀಲಿ ಅಂದ್ಲಂತೆ. ಸಾಕವ್ವನ ಕೈ ಈಳಿಗೆ ಮೇಲೆ ನಿಂತುಹೋಯ್ತು. ಬೇಡ ಅಕ್ಕಾ, ಅವರವರ ಅವ್ವ ಏನು ಹೇಳಿಕೊಟ್ಟಿದ್ದಾಳೋ ಅದನ್ನೇ ಹೇಳಿ. ನಿಮ್ಮ ಬಾಯಿ ಮುಚ್ಚಿಸಿ ನಾನು ಮರ ಉಳಿಸ್ಕೊಂಡ್ರೆ ನನಗೂ ಪಟೇಲನಿಗೂ ಏನು ವ್ಯತ್ಯಾಸ ಅಂದ್ಲು.

ಹಾಗೇ ಆಯ್ತು. ಕಮರಾಕ್ಷಿ ಅಂದ್ರು, ದಾರೆಹುಳಿ ಅಂದ್ರು, ಕರಬಲ ಅಂದ್ರು, ಏಣುಹುಳಿ ಅಂದ್ರು, ಐಮೂಲೆ ಕಾಯಿ ಅಂದ್ರು. ಒಬ್ಬ ಮುದುಕಿ ನಮ್ಮೂರಲ್ಲಿ ಹೆಸರೇ ಇರಲಿಲ್ಲ, ಅದನ್ನ ತಗೊಂಬಾ ಅಂದ್ರೆ ಮಕ್ಕಳು ಅದನ್ನೇ ತರೋರು ಅಂದ್ಲು. ಪ್ರತಿ ಹೆಸರಿಗೂ ಒಂದು ಅಡುಗೆ, ಒಬ್ಳು ಇದನ್ನ ಮೊಸರಿಗೆ ಹಾಕ್ತೀವಿ ಅಂದ್ರೆ ಇನ್ನೊಬ್ಳು ಉಪ್ಪು ಹಾಕಿ ಒಣಗಿಸಿ ಕರೀತೀವಿ ಅಂದ್ಲು. ಎಷ್ಟೋ ವರ್ಷದಿಂದ ಒಂದೇ ಬೀದೀಲಿದ್ದ ಹೆಂಗಸರು, ಒಬ್ಬರ ತವರು ಇನ್ನೊಬ್ಬರಿಗೆ ಅವತ್ತೇ ಗೊತ್ತಾಗಿದ್ದು. ಕಡೇಲಿ ಸಾಕವ್ವ ಚುಕ್ಕಿ ಹಣ್ಣು ಅಂದ್ಲು. ಹತ್ತೊಂಬತ್ತು ಆಯ್ತು. ಪಟೇಲ ತಿಮ್ಮಯ್ಯನಿಗೆ ಕಣ್ಣಲ್ಲೇ ಸನ್ನೆ ಮಾಡಿದ, ಅವನು ಕೊಡಲಿ ಹೆಗಲಿಗೇರಿಸಿ ಆ ಉಳಿದಿದ್ದ ಸಂದಿಗೆ ಕಾಲಿಟ್ಟ.

ಸರಿಯಪ್ಪ ಆಚೆ, ನನಗೆ ಜಾಗ ಬಿಡು ಅಂತ ಹಿಂದಿನಿಂದ ಯಾರೋ ಅಂದ್ರು. ನೋಡಿದ್ರೆ ಮುದ್ದವ್ವ. ಅವಳ ಕೈಲಿ ಈಳಿಗೆಮಣೆ. ತಿಮ್ಮಯ್ಯನ್ನ ಮೊಣಕೈಯಲ್ಲಿ ತಳ್ಳಿ ಆ ಸಂದೀಲಿ ಕಾಲು ಮಡಚಿ ಕೂತ್ಲಂತೆ. ನಾನೂ ಕೂತಿದ್ದೀನಿ, ನಂದೂ ಕೇಳಬೇಕು ಅಂದ್ಲು. ಪಟೇಲ, ಹೇಳು ಹೇಳು ಬೇಗ ಅಂದ.

ಮುದ್ದವ್ವ ಒಂದು ಕಾಯಿ ತಗೊಂಡು, ಅಡ್ಡಕ್ಕೆ ಕೊಯ್ದು, ಬಿಲ್ಲೆ ಬಾಯಿಗೆ ಹಾಕ್ಕೊಂಡ್ಲು. ಅಗೀತಾ ಅಗೀತಾ ಅವಳ ಕಣ್ಣು ತುಂಬಿಬಂತು. ನಮ್ಮ ಮನೆ ಬಾವಿ ಪಕ್ಕ ಇತ್ತು ಕಣೇ ಸಾಕೀ ಈ ಮರ, ನನ್ನ ಅವ್ವ ಬಿಲ್ಲೆ ಕೊಯ್ದು ಮೊರದಲ್ಲಿ ಒಣಗಿಸೋಳು, ನಾನು ಕದ್ದು ತಿಂದು ಬೈಸಿಕೊಳ್ತಿದ್ದೆ, ಇದಕ್ಕೆ ನಮ್ಮೂರಲ್ಲಿ ಏನಂತಿದ್ರು ಅಂದ್ರೆ, ಅಂತ ಹೇಳಿ ಬಾಯಿ ತೆರೆದ್ಲು. ಹೆಸರು ಬರಲಿಲ್ಲ. ಮತ್ತೆ ಬಾಯಿ ತೆರೆದ್ಲು. ಬರಲೇ ಇಲ್ಲ. ಈ ಊರಿಗೆ ಬಂದು ನಲವತ್ತೆರಡು ವರ್ಷ ಆಯ್ತು, ಮೊದಲನೇ ದಿನಾನೇ ನಮ್ಮತ್ತೆ ಆ ಹೆಸರು ಎತ್ತಬೇಡ ಅಂದಿದ್ರು, ಎತ್ತಲಿಲ್ಲ, ಈಗ ಬಾ ಅಂದ್ರೆ ಬರ್ತಾ ಇಲ್ಲ ಅಂತ ಬಿಕ್ಕಿ ಬಿಕ್ಕಿ ಅತ್ತಳಂತೆ. ಅಷ್ಟು ದಿನ ಸಾಕವ್ವನಿಗೆ ಅತ್ತೆ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯ್ತು, ಹೋಗಿ ಅವಳನ್ನ ತಬ್ಬಿಕೊಂಡ್ಲು. ಹೆಂಗಸರು ಯಾರೂ ಕೊಯ್ಯಲಿಲ್ಲ, ಗಂಡಸರೂ ನೆಲ ನೋಡ್ತಾ ನಿಂತ್ರು.

ಪಟೇಲ ಕೆಮ್ಮಿದ. ನೆನಪಾಗಲ್ಲ ಅಂದ್ಮೇಲೆ ಮುಗೀತಲ್ಲ, ತಿಮ್ಮಯ್ಯ, ಹಾಕು ಅಂದ.

ಮುದ್ದವ್ವ ಸೆರಗಲ್ಲಿ ಕಣ್ಣೊರೆಸ್ಕೊಂಡು ತಲೆ ಎತ್ತಿದ್ಲು. ಎಲ್ಲಿ ಮುಗೀತಪ್ಪ ಸಿಂಗ್ರಾ? ಕೂತಿರೋ ಪ್ರತಿಯೊಬ್ಬಳೂ ಹೇಳಿ ಮುಗಿಸೋವರೆಗೂ ಕೊಡಲಿ ಎತ್ತಲ್ಲ ಅಂದೋನು ನೀನು. ನಾನಿನ್ನೂ ಹೇಳಿಲ್ಲ. ನೆನಪಾಗ್ಲಿ, ಹೇಳ್ತೀನಿ, ಆಮೇಲೆ ಕಡಿ. ಅಲ್ಲೀವರೆಗೂ ಕಾಯ್ತಾ ಇರು ಅಂತ ಹೇಳಿ ಇನ್ನೊಂದು ಬಿಲ್ಲೆ ಬಾಯಿಗೆ ಹಾಕ್ಕೊಂಡ್ಲಂತೆ.

ಪಟೇಲ ಊರ ಮುಖ ನೋಡಿದ, ಊರೆಲ್ಲ ಅವನ ಮುಖ ನೋಡ್ತು. ಅವನು ಕೊಟ್ಟ ಮಾತು, ಅವನೇ ನುಂಗೋಕಾಗುತ್ತಾ. ಮಧ್ಯಾಹ್ನದವರೆಗೂ ಕಾದ, ಸಂಜೆವರೆಗೂ ಕಾದ, ಆಮೇಲೆ ಮನೆಗೆ ಹೋದ. ತಿಮ್ಮಯ್ಯ ಕೊಡಲಿ ಮೂಲೆಗಿಟ್ಟು ಒಂದು ಬಟ್ಟಲು ಗೊಜ್ಜು ಇಸ್ಕೊಂಡು ಹೋದ.

ಆಮೇಲೆ ಪ್ರತಿ ಅಮಾವಾಸ್ಯೆಗೂ ಪಟೇಲ ಬಂದು ಬೇಲಿ ಹತ್ರ ನಿಂತು ಕೇಳ್ತಿದ್ನಂತೆ, ಮುದ್ದವ್ವಾ ನೆನಪಾಯ್ತಾ ಅಂತ. ಇಲ್ಲ ಕಣಪ್ಪ, ನಾಲಿಗೆ ತುದೀಲೇ ಇದೆ, ಈಗ ಬರುತ್ತೆ ಆಗ ಬರುತ್ತೆ ಅನ್ನೋಳು ಮುದ್ದವ್ವ. ಅಷ್ಟರಲ್ಲಿ ಆ ಬೀದಿ ಹೆಂಗಸರೆಲ್ಲ ತವರಿಗೆ ಹೋದಾಗ ಸೆರಗಲ್ಲಿ ಬೀಜಾನೋ ಸಸೀನೋ ಕಟ್ಕೊಂಡು ಬರೋಕೆ ಶುರು ಮಾಡಿದ್ರು. ಒಬ್ಳ ಹಿತ್ತಲಲ್ಲಿ ಪರಂಗಿ ಬಂತು, ಅದನ್ನ ಒಬ್ಳು ಪಪ್ಪಾಯಿ ಅಂದ್ಲು, ಚೆಲುವಿ ಬಪ್ಪಂಗಾಯಿ ಅಂದ್ಲು, ಕಾಯಿದ್ದಾಗ ಪಲ್ಯ ಆಯ್ತು, ಹಣ್ಣಾದಾಗ ಹಾಗೇ ಹೋಯ್ತು. ಇನ್ನೊಬ್ಳ ಹಿತ್ತಲಲ್ಲಿ ಜೀಗುಜ್ಜೆ ಬಂತು, ಅದೇ ದೀವಿಹಲಸು, ಬಜ್ಜಿ ಥರ ಹಿಟ್ಟಲ್ಲಿ ಅದ್ದಿ ಪೋಡಿ ಕರಿದು ತಿಂದ್ರು. ಯಾರೂ ತೊಟ್ಟಿಲು ಕೇಳಲಿಲ್ಲ. ಪಟೇಲನ ಮನೇಲಿ ಮೊಮ್ಮಗಳು ಹುಟ್ಟಿದ್ಲು, ತೊಟ್ಟಿಲು ಅವಳ ಪಾಲಿಗೆ ಹೋಯ್ತು. ದ್ಯಾವಣ್ಣ ದಿನಾ ಎರಡು ಕೊಡ ನೀರು ಮರಕ್ಕೆ ಹಾಕೋನು, ಮರ ಯಾರದು ಅಂದ್ರೆ ನನ್ನ ಹೆಂಡತೀದು ಅನ್ನೋನು. ಮೂರು ಸೊಸೆಯರೂ ಅತ್ತೆಯೂ ಒಂದೇ ಒಲೇಲಿ ನಾಲ್ಕು ಥರ ಗೊಜ್ಜು ಮಾಡ್ಕೊಂಡು ಸುಖವಾಗಿದ್ರಂತೆ.

ಪಟೇಲ ಸಿಂಗ್ರಪ್ಪ ಮುದುಕನಾಗಿ ಸತ್ತುಹೋದ. ಅವನ ಮಗ ಪಟೇಲನಾದ, ಅವನೂ ಬಂದು ಕೇಳಿದ. ಆಗ ಮುದ್ದವ್ವನಿಗೆ ಹಲ್ಲೆಲ್ಲ ಬಿದ್ದು ಬೊಚ್ಚುಬಾಯಿ, ಮರದ ನೆರಳಲ್ಲಿ ಕೂತು ಮೆತ್ತಗಿನ ಹಣ್ಣು ಚೀಪ್ತಾ ಇದ್ಲು. ಅಜ್ಜೀ, ನಿಜ ಹೇಳು, ಇನ್ನೂ ನೆನಪಾಗಿಲ್ವಾ ಅಂತ ಆ ಹೊಸ ಪಟೇಲ ಕೇಳಿದ್ನಂತೆ. ಮುದ್ದವ್ವ ಸಾಕವ್ವನ ಮುಖ ನೋಡಿದ್ಲು, ಸಾಕವ್ವ ನಗು ತಡ್ಕೊಳ್ಳೋಕೆ ಬೇರೆ ಕಡೆ ತಿರುಗಿದ್ಲು. ಇಲ್ಲ ಕಣಪ್ಪ, ಮುಂದಿನ ಅಮಾವಾಸ್ಯೆಗೆ ಬಾ ಅಂದ್ಲಂತೆ.

ಅಲ್ಲಿಗೆ ಕತೆ ಮುಗೀತು, ಮರ ಅಲ್ಲೇ ಉಳೀತು, ನೀನು ಹೂಂ ಅನ್ನೋದು ನಿಲ್ಲಿಸಿ ಎಷ್ಟು ಹೊತ್ತಾಯ್ತೋ ಏನೋ.